ಕಲಬುರಗಿಯಿಂದ ವಿಮಾನ: ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಮ್ಮದು ಸಣ್ಣ ಟಿಕೆಟ್ ಅಂಗಡಿ. ಮೊದಲು ಬರೀ ರೈಲು, ಬಸ್ಸು ಇತ್ತು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಜನ ಕೇಳುವ ಪ್ರಶ್ನೆಗಳೇ ಬದಲಾದವು. ಕೌಂಟರ್‌ನಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳನ್ನು ಜನ ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ. ಯಾವ ವಿಮಾನ ಯಾವ ದಿನ ಅನ್ನುವುದನ್ನು ಮಾತ್ರ ಬರೆದಿಲ್ಲ. ನಮ್ಮ ಕಡೆ ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ವಿಮಾನಗಳು ಬರುತ್ತವೆ, ನಿಲ್ಲುತ್ತವೆ. ದೂರ ಮಾತ್ರ ಇದ್ದಲ್ಲೇ ಇರುತ್ತದೆ.

## ಮೊದಲ ಪ್ರಶ್ನೆಗಳು

ಅಣ್ಣಾ, ಬೆಂಗಳೂರಿಗೆ ವಿಮಾನದಾಗ ಎಷ್ಟು ಕಿಲೋಮೀಟರ್ ಆಗ್ತದ?

ಸುಮಾರು 464 ಕಿ.ಮೀ. ಇದು ಸರಡಗಿಯ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಬರುವ ದೂರ. ರೈಲಿನಲ್ಲಿ ಹೋದರೆ 550 ಕಿ.ಮೀ. ಆಸುಪಾಸು ಆಗುತ್ತದೆ. ರಸ್ತೆ ಇನ್ನೂ ಉದ್ದ.

ಒಂದು ಮಜಾ ನೋಡಿ. ಈ ಗೆರೆಯನ್ನು ನಕಾಶೆಯ ಮೇಲೆ ಸ್ಕೇಲ್ ಇಟ್ಟು ಎಳೆದರೆ ಅದು ಯಾದಗಿರಿಯ ಪಕ್ಕದಲ್ಲಿ ಹಾದು, ರಾಯಚೂರನ್ನು ಸ್ವಲ್ಪ ಎಡಕ್ಕೆ ಬಿಟ್ಟು, ಆದೋನಿ ಮತ್ತು ಗುಂತಕಲ್ಲಿನ ನೆತ್ತಿಯ ಮೇಲೇ ಹೋಗುತ್ತದೆ. ಅಂದರೆ ನಮ್ಮ ಹಳೇ ರೈಲು ದಾರಿಯೇ! ಕಿಟಕಿ ಸೀಟು ಸಿಕ್ಕಿ ಮೋಡ ಇಲ್ಲದಿದ್ದರೆ ಕೆಳಗೆ ಭೀಮಾ, ಕೃಷ್ಣಾ, ತುಂಗಭದ್ರಾ ಒಂದಾದ ಮೇಲೊಂದು ಕಾಣುತ್ತವೆ.

ಎಷ್ಟೊತ್ತಿಗೆ ಮುಟ್ಟಿಸ್ತದ್ರಿ?

ಜೆಟ್ ವಿಮಾನವಾದರೆ ಟಿಕೆಟ್ ಲೆಕ್ಕದಲ್ಲಿ ಒಂದು ತಾಸು, ಮೇಲೆ ಐದೋ ಹತ್ತೋ ನಿಮಿಷ. ಫ್ಯಾನಿನಂಥ ರೆಕ್ಕೆ ತಿರುಗುವ ಎಟಿಆರ್ ವಿಮಾನವಾದರೆ ಒಂದೂವರೆ ತಾಸಿನ ಹತ್ತಿರ. ಎಟಿಆರ್ ತಾಸಿಗೆ 500 ಕಿ.ಮೀ. ಆಸುಪಾಸು ಹೋಗುತ್ತದೆ, ಜೆಟ್ 800ರ ಹತ್ತಿರ. ಟಿಕೆಟ್ ಮಾಡಿಸುವಾಗ ವಿಮಾನ ಯಾವುದು ಅಂತ ಕೇಳಿಕೊಳ್ಳಿ. ಯಾರೂ ಕೇಳುವುದಿಲ್ಲ, ಆಮೇಲೆ 'ನಿಮ್ಮ ವಿಮಾನ ಬಾಳ ನಿಧಾನ' ಅಂತ ನನಗೆ ಬೈಯುತ್ತಾರೆ.

ಬೀದರಿಂದ ಹೋದ್ರ ಜಾಸ್ತಿ ದೂರ ಏನು?

ಹೌದು, ಬೀದರ್‌ನಿಂದ ಬೆಂಗಳೂರಿಗೆ ಸುಮಾರು 524 ಕಿ.ಮೀ. ಕಲಬುರಗಿಗಿಂತ 60 ಕಿ.ಮೀ. ಜಾಸ್ತಿ. ಜೆಟ್‌ಗೆ ಅದು ಐದು ನಿಮಿಷದ ಮಾತು. ಬೀದರ್, ಔರಾದ್, ಭಾಲ್ಕಿಯವರು ವಿಮಾನಕ್ಕಾಗಿ ಕಲಬುರಗಿಗೆ ಬಂದರೆ ಆ ಐದು ನಿಮಿಷ ಉಳಿಸಲಿಕ್ಕೆ ರಸ್ತೆಯಲ್ಲಿ ಎರಡು ತಾಸಿಗೂ ಮೇಲೆ ಕಳೆದ ಹಾಗೆ.

ಬೀದರ್‌ನಲ್ಲಿ ಒಂದು ವಿಷಯ ನೆನಪಿಡಿ. ಅದು ವಾಯುಪಡೆಯ ನೆಲ. ಫೈಟರ್ ಪೈಲಟ್‌ಗಳಿಗೆ ತರಬೇತಿ ಕೊಡುವ ಜಾಗ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ಮನೆಯೂ ಹೌದು. ರನ್‌ವೇ ಅವರದು, ನಮ್ಮಂಥವರಿಗೆ ಒಂದು ಟರ್ಮಿನಲ್ ಅಷ್ಟೇ. ವಿಮಾನ ಹತ್ತುವಾಗ ಸೆಲ್ಫಿ ತೆಗೆಯಲಿಕ್ಕೆ ಹೋಗಿ ಬೈಸಿಕೊಳ್ಳಬೇಡಿ.

ನಾವು ಯಾದಗಿರಿಯವರು. ನಮಗ ಹತ್ತಿರದ ಏರ್‌ಪೋರ್ಟ್ ಯಾವ್ದು?

ಕಲಬುರಗಿ. ಹಕ್ಕಿ ಹಾರಿದ ಹಾಗೆ ಅಳೆದರೆ 60 ಕಿ.ಮೀ. ಮೇಲೆ ಸ್ವಲ್ಪ. ಹೈದರಾಬಾದ್‌ನ ಶಂಷಾಬಾದ್ ಅದೇ ಲೆಕ್ಕದಲ್ಲಿ 150 ಕಿ.ಮೀ.ಗೆ ಹತ್ತಿರ. ಆದರೆ ಖರೇ ಹೇಳುತ್ತೇನೆ. ನಿಮ್ಮೂರು ಮುಂಬೈ–ಚೆನ್ನೈ ಮುಖ್ಯ ರೈಲು ದಾರಿಯ ಮೇಲಿದೆ. ಬೆಂಗಳೂರಿಗೆ ಹೋಗಲಿಕ್ಕೆ ಮೊದಲು ಉತ್ತರಕ್ಕೆ ಕಲಬುರಗಿಗೆ ಬಂದು, ಮತ್ತೆ ದಕ್ಷಿಣಕ್ಕೆ ನಿಮ್ಮೂರ ಮೇಲೇ ಹಾರಿಕೊಂಡು ಹೋಗುವುದಕ್ಕಿಂತ ರಾತ್ರಿ ರೈಲು ಹತ್ತುವುದೇ ವಾಸಿ. ದೆಹಲಿಗೋ ಹೊರದೇಶಕ್ಕೋ ಆದರೆ ಶಂಷಾಬಾದ್.

ಜಿಬಿಐ ಅಂದ್ರ ಯಾವ ಊರು? ನಾ ಕಲಬುರಗಿ ಅಂತ ಹೇಳಿದ್ದೆ!

ಗಾಬರಿ ಆಗಬೇಡಿ, ಸರಿಯಾದ ಟಿಕೆಟ್ಟೇ. ಜಿಬಿಐ ನಮ್ಮ ನಿಲ್ದಾಣದ ಕೋಡ್. ಗುಲ್ಬರ್ಗಾ ಅನ್ನುವ ಹಳೇ ಹೆಸರಿನ ನೆರಳು ಅದರಲ್ಲಿ ಉಳಿದಿದೆ. ಊರಿನ ಹೆಸರು 2014ರ ನವೆಂಬರ್ 1ರಂದೇ ಬದಲಾಯಿತು, ನಿಲ್ದಾಣ ಬಂದದ್ದು ಅದಾದ ಐದು ವರ್ಷಕ್ಕೆ. ಬೀದರ್ ಕೋಡ್ ಐಎಕ್ಸ್‌ಎಕ್ಸ್, ಬೆಂಗಳೂರು ಬಿಎಲ್‌ಆರ್.

## ಟಿಕೆಟ್, ಗಡಿಯಾರ, ರೊಕ್ಕ

ಟಿಕೆಟ್‌ನಾಗ ಒಂದು ತಾಸು ಹತ್ತು ನಿಮಿಷ ಅಂತದ, ಆಕಾಶದಾಗ ಇದ್ದದ್ದು ಐವತ್ತು ನಿಮಿಷ. ಉಳಿದ ಇಪ್ಪತ್ತು ಎಲ್ಲಿ ಹೋತು?

ಇದನ್ನು ಕೇಳಿದವರು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಕಾಕಾ ಒಬ್ಬರು. ಚಕ್ರ ನೆಲ ಬಿಟ್ಟ ಕ್ಷಣಕ್ಕೆ ಕೈಗಡಿಯಾರ ನೋಡಿ, ಬೋರ್ಡಿಂಗ್ ಪಾಸ್‌ನ ಹಿಂದೆ ಪೆನ್ಸಿಲ್‌ನಲ್ಲಿ ಗೀಚಿದ್ದರು. ಮತ್ತೆ ಚಕ್ರ ನೆಲ ಮುಟ್ಟಿದಾಗ ಇನ್ನೊಂದು ಗೀಚು. ವಾಪಸ್ ಬಂದವರೇ ಆ ಚೀಟಿಯನ್ನು ನನ್ನ ಟೇಬಲ್ ಮೇಲೆ ಇಟ್ಟು, 'ಲೆಕ್ಕ ಹೇಳು' ಅಂದರು.

ಲೆಕ್ಕ ಹೀಗಿದೆ ಕಾಕಾ. ಟಿಕೆಟ್‌ನಲ್ಲಿರುವುದು ಹಾರುವ ಸಮಯ ಅಲ್ಲ. ಇಲ್ಲಿ ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದ ಹೊತ್ತಿನಿಂದ ಅಲ್ಲಿ ಮತ್ತೆ ಅಡ್ಡಗಟ್ಟೆ ಹಾಕುವ ಹೊತ್ತಿನವರೆಗೆ. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಕಲಬುರಗಿಯಲ್ಲಿ ನೆಲದ ಮೇಲಿನ ಓಡಾಟ ಐದೇ ನಿಮಿಷ, ಮುಂದೆ ಹಿಂದೆ ಬೇರೆ ವಿಮಾನವೇ ಇರುವುದಿಲ್ಲ. ಬೆಂಗಳೂರಿನಲ್ಲಿ ಹಾಗಲ್ಲ. ಇಳಿದ ಮೇಲೂ ಹತ್ತು ಹದಿನೈದು ನಿಮಿಷ ನೆಲದ ಮೇಲೆ ಉರುಳುತ್ತಲೇ ಇರುತ್ತದೆ. ಯಾರ ವಿಮಾನವೋ ಅಡ್ಡ ಬಂದರೆ ನಿಲ್ಲುತ್ತದೆ. ಇದರ ಜೊತೆ ಕಂಪನಿಗಳು ಕೈಯಲ್ಲಿರಲಿ ಅಂತ ಒಂದಿಷ್ಟು ನಿಮಿಷ ಸೇರಿಸಿಯೇ ಟೈಮ್ ಹಾಕುತ್ತವೆ. ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ 'ಸರಿಯಾದ ಸಮಯಕ್ಕೆ' ಮುಟ್ಟುವ ಗುಟ್ಟು ಇದೇ.

ಕಾಕಾ ಪೂರ್ತಿ ಒಪ್ಪಲಿಲ್ಲ. 'ರೈಲಿನಾಗೂ ಕೊನೇ ಸ್ಟೇಷನ್ನಿಗೆ ಹಿಂಗೇ ಟೈಮ್ ಕೂಡಿಸ್ತಿದ್ವಿ' ಅಂತ ನಕ್ಕು ಚೀಟಿ ಜೇಬಿಗೆ ಹಾಕಿಕೊಂಡರು.

ದುಬೈಗೆ ಹೋಗ್ಲಿಕ್ಕ ಎರಡೂವರೆ ತಾಸು, ಬರ್ಲಿಕ್ಕ ಐದು ತಾಸು. ಹಿಂಗ ಹೆಂಗ?

ಗಲ್ಫ್‌ನಲ್ಲಿ ಮಕ್ಕಳಿರುವ ಮನೆಯವರ ಖಾಯಂ ಪ್ರಶ್ನೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ.

ಹೈದರಾಬಾದ್‌ನಿಂದ ಬೆಳಿಗ್ಗೆ 10ಕ್ಕೆ ಹೊರಟು ದುಬೈಗೆ 12.30ಕ್ಕೆ ಮುಟ್ಟಿತು ಅಂದುಕೊಳ್ಳಿ. ಆಗ ನಮ್ಮಲ್ಲಿ 2 ಗಂಟೆ ಆಗಿರುತ್ತದೆ. ಅಂದರೆ ನಾಲ್ಕು ತಾಸು. ಬರುವಾಗ ದುಬೈನಲ್ಲಿ ಮಧ್ಯಾಹ್ನ 2ಕ್ಕೆ ಹತ್ತಿದರು, ಆಗ ನಮ್ಮಲ್ಲಿ 3.30. ಇಲ್ಲಿ ಇಳಿದದ್ದು ಸಂಜೆ 7ಕ್ಕೆ. ಮೂರೂವರೆ ತಾಸು. ಲೆಕ್ಕ ತಿರುಗಿತು ನೋಡಿ! ಹೋಗುವುದೇ ಜಾಸ್ತಿ, ಬರುವುದು ಕಮ್ಮಿ.

ಆ ಅರ್ಧ ತಾಸಿನ ವ್ಯತ್ಯಾಸ ಗಾಳಿಯದು. ಸುಮಾರು 2,550 ಕಿ.ಮೀ. ದೂರ ಎರಡೂ ಕಡೆಗೆ ಒಂದೇ. ಆದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ, ಅದರಲ್ಲೂ ಚಳಿಗಾಲದಲ್ಲಿ, ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗೆ ಬೀಳುತ್ತದೆ. ಕಲಬುರಗಿ–ಬೆಂಗಳೂರು ಉತ್ತರ–ದಕ್ಷಿಣ ದಾರಿ. ಅಲ್ಲಿ ಗಾಳಿ ಪಕ್ಕದಿಂದ ಬೀಸುವುದರಿಂದ ಹೋಗುವುದಕ್ಕೂ ಬರುವುದಕ್ಕೂ ಅಂಥ ವ್ಯತ್ಯಾಸ ಇಲ್ಲ.

ಮನಿಯಿಂದ ಮನಿಗೆ ಲೆಕ್ಕ ಹಾಕಿದ್ರ ವಿಮಾನದಾಗ ಟೈಮ್ ಉಳಿತದೇನು?

ಉಳಿಯುತ್ತದೆ. ಆದರೆ ನೀವು ಅಂದುಕೊಂಡಷ್ಟು ಅಲ್ಲ.

10 ಗಂಟೆಯ ವಿಮಾನ ಅಂದುಕೊಳ್ಳಿ. ಊರಿನಿಂದ ಸೇಡಂ ರಸ್ತೆಯಲ್ಲಿ ನಿಲ್ದಾಣಕ್ಕೆ 14 ಕಿ.ಮೀ. ಹತ್ತಿರ, ಅರ್ಧ ತಾಸು. ಚೆಕ್‌ಇನ್ ಕೌಂಟರ್ ಮುಕ್ಕಾಲು ತಾಸೋ ಒಂದು ತಾಸೋ ಮುಂಚೆಯೇ ಮುಚ್ಚುತ್ತದೆ. ಹಾಗಾಗಿ ಎಂಟರ ಒಳಗೇ ಮನೆ ಬಿಡಬೇಕು. 11.10ಕ್ಕೆ ದೇವನಹಳ್ಳಿ. ಬ್ಯಾಗ್ ಬರುವಷ್ಟರಲ್ಲಿ 11.40. ಅಲ್ಲಿಂದ ಮೆಜೆಸ್ಟಿಕ್ 35 ಕಿ.ಮೀ. ಹೆಬ್ಬಾಳದ ಟ್ರಾಫಿಕ್ಕಿನ ದಯೆ ಇದ್ದರೆ ಒಂದು ತಾಸು, ಇಲ್ಲದಿದ್ದರೆ ಒಂದೂವರೆ. ಒಟ್ಟು ಐದು ತಾಸಿನ ಆಸುಪಾಸು ಆಗುತ್ತದೆ. ಅದರಲ್ಲಿ ಹಾರಿದ್ದು ಒಂದು ತಾಸೂ ಇಲ್ಲ.

ರೈಲಿನ ಕಡೆ ನೋಡಿ. 2024ರ ಮಾರ್ಚ್‌ನಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್‌ಗೆ ಎಂಟೂಮುಕ್ಕಾಲು ತಾಸಿನ ಹತ್ತಿರ ಬೇಕು. ರಾತ್ರಿ ರೈಲು, ಸ್ಲೀಪರ್ ಬಸ್ಸಿಗೆ ಹತ್ತು ಹನ್ನೊಂದು ತಾಸು. ಆದರೆ ಅದು ಹೇಗೂ ನಿದ್ದೆಯಲ್ಲಿ ಕಳೆಯುವ ರಾತ್ರಿ. ನನ್ನ ಸಲಹೆ: ಅದೇ ದಿನ ಮುಗಿಸಬೇಕಾದ ಕೆಲಸ, ಆಸ್ಪತ್ರೆ, ವಯಸ್ಸಾದವರು ಜೊತೆಗಿದ್ದರೆ ವಿಮಾನ. ಮರುದಿನ ಬೆಳಿಗ್ಗೆ ಕೋರ್ಟಿನಲ್ಲೋ ವಿಧಾನಸೌಧದಲ್ಲೋ ಕೆಲಸ ಇದ್ದರೆ ರಾತ್ರಿ ರೈಲು.

ಇನ್ನೊಂದು ಅಪಾಯವನ್ನು ಅನುಭವದಿಂದಲೇ ಹೇಳುತ್ತೇನೆ. ನನ್ನ ತಂಗಿಯ ಮಗನ ಇಂಟರ್‌ವ್ಯೂಗೆ ನಾನೇ ಟಿಕೆಟ್ ಮಾಡಿಸಿದ್ದೆ. ಹಿಂದಿನ ಸಂಜೆಯ ವಿಮಾನ. ಮಧ್ಯಾಹ್ನ 3 ಗಂಟೆಗೆ ರದ್ದಾಯಿತು ಅಂತ ಮೆಸೇಜ್ ಬಂತು, ಕಾರಣ ಒಂದು ಸಾಲೂ ಇಲ್ಲ. ರೊಕ್ಕ ವಾಪಸ್ ಕೊಟ್ಟರು, ಸರಿ. ಆದರೆ ದಿನಕ್ಕೆ ಒಂದೇ ವಿಮಾನ ಇರುವ ಊರಿನಲ್ಲಿ ಮುಂದಿನ ವಿಮಾನ ಅಂದರೆ ನಾಳೆ. ಹುಡುಗ ಇಸ್ತ್ರಿ ಮಾಡಿದ ಅಂಗಿಯನ್ನು ಹ್ಯಾಂಗರ್ ಸಮೇತ ಬಸ್ಸಿನ ಕಿಟಕಿ ಕೊಂಡಿಗೆ ನೇತುಹಾಕಿಕೊಂಡು ರಾತ್ರಿಯೆಲ್ಲ ಕೂತು ಹೋದ. ಅಂದಿನಿಂದ ಮುಖ್ಯವಾದ ಕೆಲಸಕ್ಕೆ ಹೋಗುವವರಿಗೆ ಒಂದು ರೈಲು ಟಿಕೆಟ್ಟನ್ನೂ ಕೈಯಲ್ಲಿ ಇಟ್ಟುಕೊಳ್ಳಿ ಅನ್ನುತ್ತೇನೆ.

ದೂರ ಇಷ್ಟೇ ಇದ್ರೂ ರೇಟ್ ಯಾಕ ಅಷ್ಟು?

ಬಸ್ಸಿನ ಹಾಗೆ ಕಿ.ಮೀ.ಗೆ ಇಷ್ಟು ಅಂತ ವಿಮಾನದ ದರ ಇರುವುದಿಲ್ಲ. ಇಂಧನ ಜಾಸ್ತಿ ಕುಡಿಯುವುದು ಮೇಲೇರುವಾಗ. 464 ಕಿ.ಮೀ. ಹೋಗಲಿ, 1,200 ಹೋಗಲಿ, ಏರುವ ಖರ್ಚು ಹೆಚ್ಚೂಕಡಿಮೆ ಅಷ್ಟೇ. ಆದ್ದರಿಂದ ಹತ್ತಿರದ ಊರಿಗೆ ಕಿ.ಮೀ. ಲೆಕ್ಕದಲ್ಲಿ ದುಬಾರಿ.

ಇದನ್ನು ಸರಿದೂಗಿಸಲಿಕ್ಕೇ ಕೇಂದ್ರದ ಉಡಾನ್ ಯೋಜನೆ ಬಂದದ್ದು. ಮೊದಲ ಉಡಾನ್ ವಿಮಾನ 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಹಾರಿತು. ಒಂದು ತಾಸಿನ, ಅಂದರೆ ಸುಮಾರು 500 ಕಿ.ಮೀ. ಹಾರಾಟಕ್ಕೆ, ಗೊತ್ತುಪಡಿಸಿದ ಸೀಟುಗಳಿಗೆ ಆಗ 2,500 ರೂಪಾಯಿ ಮಿತಿ ಇಟ್ಟಿದ್ದರು. ಕಂಪನಿಗೆ ಸರ್ಕಾರ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಮೂರು ವರ್ಷ ಮುಗಿದ ಮೇಲೆ ಕಂಪನಿ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಸಣ್ಣ ಊರುಗಳಲ್ಲಿ ವಿಮಾನ ಶುರುವಾಗಿ ನಿಲ್ಲುವ ಕಥೆಗೆ ಮುಖ್ಯ ಕಾರಣ ಇದು. ಸೀಟು ತುಂಬಲಿಲ್ಲ ಅನ್ನುವುದು ಅರ್ಧ ಸತ್ಯ. ಹೊರಡುವ ಸಮಯ ಜನಕ್ಕೆ ಅನುಕೂಲ ಇರಲಿಲ್ಲ ಅನ್ನುವುದು ಇನ್ನರ್ಧ, ಇದು ನನ್ನ ಅಭಿಪ್ರಾಯ.

## ಸ್ವಲ್ಪ ಆಳಕ್ಕೆ

ಈ ದೂರ ನಾನೇ ಲೆಕ್ಕ ಹಾಕಬಹುದೇನ್ರಿ? ಮಗಳಿಗೆ ಶಾಲ್ಯಾಗ ಕೇಳ್ಯಾರ.

ಹಾಕಬಹುದು. ಒಂದು ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಸಾಕು. ಕಲಬುರಗಿ ನಿಲ್ದಾಣದ ಅಕ್ಷಾಂಶ 17.31, ರೇಖಾಂಶ 76.96. ಬೆಂಗಳೂರು ನಿಲ್ದಾಣದ್ದು 13.20 ಮತ್ತು 77.71.

ಅಕ್ಷಾಂಶದ ವ್ಯತ್ಯಾಸ 4.11. ಒಂದು ಡಿಗ್ರಿ ಅಂದರೆ 111.2 ಕಿ.ಮೀ. ಗುಣಿಸಿದರೆ 457. ರೇಖಾಂಶದ ವ್ಯತ್ಯಾಸ 0.75. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರ ಸೇರುತ್ತವೆ, ಹಾಗಾಗಿ ನಮ್ಮ ಭಾಗದಲ್ಲಿ ಡಿಗ್ರಿಗೆ 107 ಕಿ.ಮೀ. ಹಿಡಿಯಿರಿ. 80 ಬರುತ್ತದೆ. ಈಗ ಒಂದು ಲಂಬಕೋನ ತ್ರಿಕೋನ ಆಯಿತು: ಒಂದು ಬದಿ 457, ಇನ್ನೊಂದು 80. ಮಗಳಿಗೆ ಪೈಥಾಗೊರಸ್ ಗೊತ್ತಿರುತ್ತದೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 464.

ಇದೇ ದಾರಿಯಲ್ಲಿ ಕಲಬುರಗಿಯಿಂದ ಹೈದರಾಬಾದ್ 156, ಮುಂಬೈ 475, ತಿರುಪತಿ 494, ಮಂಗಳೂರು 532, ದೆಹಲಿ ಪಕ್ಕದ ಹಿಂಡನ್ 1,268 ಕಿ.ಮೀ. ಬೆಂಗಳೂರೂ ಮುಂಬೈಯೂ ನಮಗೆ ಹೆಚ್ಚೂಕಡಿಮೆ ಒಂದೇ ದೂರ ಅನ್ನುವುದನ್ನು ಗಮನಿಸಿದಿರಾ? ಹಳೇ ಜನ ಕೆಲಸಕ್ಕೆ ಮುಂಬೈಗೆ ಹೋಗುತ್ತಿದ್ದದ್ದು ಸುಮ್ನೆ ಅಲ್ಲ. ಆದರೆ ದುಬೈ, ಅಮೆರಿಕದಂಥ ದೂರಕ್ಕೆ ಈ ಸುಲಭ ಲೆಕ್ಕ ನಡೆಯುವುದಿಲ್ಲ. ಭೂಮಿಯ ಗುಂಡಗಿನ ಲೆಕ್ಕ ಬೇಕು.

ಒಬ್ಬೊಬ್ಬರು ಒಂದೊಂದು ಅಂಕಿ ಹೇಳ್ತಾರ. ಯಾವ್ದು ಖರೇ?

ಎಲ್ಲವೂ ಖರೇ ಇರಬಹುದು. ಕೆಲವರು ಊರಿನ ನಡುವಿನಿಂದ ಅಳೆಯುತ್ತಾರೆ, ಕೆಲವರು ನಿಲ್ದಾಣದಿಂದ. ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿದೆ, ಅಲ್ಲೇ ಇಪ್ಪತ್ತು ಮೂವತ್ತು ಕಿ.ಮೀ. ವ್ಯತ್ಯಾಸ ಬಂತು. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳ ಹತ್ತಿರ ಚಪ್ಪಟೆ. ಅದನ್ನು ಹಿಡಿದರೆ ನಮ್ಮ 464 ಒಂದೆರಡು ಕಿ.ಮೀ. ಇಳಿಯುತ್ತದೆ. ಮೋಸ ಹೋಗುವುದು ಅಳತೆಯಲ್ಲಿ. ಪೈಲಟ್‌ಗಳ ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ನಮ್ಮ ದಾರಿ 250 ನಾಟಿಕಲ್ ಮೈಲಿ, 288 ಸಾಧಾರಣ ಮೈಲಿ, 464 ಕಿ.ಮೀ. ಮೂರೂ ಒಂದೇ.

ವಿಮಾನ ತಾಸಿಗೆ 800 ಕಿಲೋಮೀಟರ್ ಅಂತಾರ. ಹಂಗಿದ್ರ ಅರ್ಧ ತಾಸಿನಾಗ ಮುಟ್ಟಬೇಕಲ್ಲ?

ಭಾಗಾಕಾರ ಸರಿಯಾಗಿದೆ, 35 ನಿಮಿಷ ಬರುತ್ತದೆ. ಆದರೆ ಆ 800 ಬರುವುದು ಪೂರ್ತಿ ಎತ್ತರಕ್ಕೆ ಹೋದ ಮೇಲೆ. ಇಳಿಯುವುದಕ್ಕೆ ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ. ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲಿ. 30,000 ಅಡಿಯಿಂದ ಇಳಿಯಬೇಕಾದರೆ 90 ನಾಟಿಕಲ್ ಮೈಲಿ, ಅಂದರೆ 167 ಕಿ.ಮೀ. ಮೊದಲೇ ಶುರು ಮಾಡಬೇಕು. ಏರಲಿಕ್ಕೂ ಹತ್ತಿರ ಹತ್ತಿರ ಅಷ್ಟೇ ಬೇಕು. ಉಳಿದದ್ದು ನೂರು, ನೂರೈವತ್ತು ಕಿ.ಮೀ. ನೀರಿನ ಬಾಟಲಿ ಕೊಟ್ಟು ಮುಗಿಸುವಷ್ಟರಲ್ಲಿ ಬೆಲ್ಟ್ ಹಾಕಿಕೊಳ್ಳಿ ಅನ್ನುತ್ತಾರೆ, ಅಲ್ವಾ? ಅದಕ್ಕೇ. ಗುಂತಕಲ್ ಬರುವ ಹೊತ್ತಿಗೆ ಇಳಿಯುವ ತಯಾರಿ ನಡೆದಿರುತ್ತದೆ.

ನೇರ ಗೆರಿ ಅಂತೀರಿ, ಮತ್ತ ಬೆಂಗಳೂರು ಬಂದ ಮ್ಯಾಲ ಯಾಕ ಸುತ್ತು ಹಾಕ್ತದ?

ದಾರಿ ಉತ್ತರ–ದಕ್ಷಿಣ, ರನ್‌ವೇ ಪೂರ್ವ–ಪಶ್ಚಿಮ. ಕಲಬುರಗಿಯ 3,175 ಮೀಟರ್ ರನ್‌ವೇ ತುದಿಗೆ 09 ಮತ್ತು 27 ಅಂತ ಬರೆದಿರುತ್ತದೆ. ದಿಕ್ಸೂಚಿಯ 90 ಡಿಗ್ರಿ ಪೂರ್ವ, 270 ಪಶ್ಚಿಮ. ಬೆಂಗಳೂರಿನ ಎರಡೂ ರನ್‌ವೇಗಳೂ ಹಾಗೇ. ವಿಮಾನ ಗಾಳಿಗೆ ಮುಖ ಮಾಡಿಯೇ ಏರಬೇಕು, ಇಳಿಯಬೇಕು. ಹಾಗಾಗಿ ಇಲ್ಲಿ ಎದ್ದ ಮೇಲೆ ಒಂದು ತಿರುವು, ಅಲ್ಲಿ ಇಳಿಯುವ ಮುಂಚೆ ಇನ್ನೊಂದು. ಅದರ ಮೇಲೆ ಇಳಿಯಲಿಕ್ಕೆ ಕಾಯುವ ವಿಮಾನಗಳ ಸಾಲು ಬೇರೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ದೇವನಹಳ್ಳಿಯಲ್ಲಿ ಮಂಜು ಕವಿದರೆ ಆಕಾಶದಲ್ಲೇ ಸುತ್ತಿಸುತ್ತಾರೆ, ಇಲ್ಲವೇ ಇಲ್ಲಿಂದ ಬಿಡುವುದೇ ಇಲ್ಲ.

ಇಂಧನದ ಚಿಂತೆ ಬೇಡ. ದಾರಿಗೆ ಬೇಕಾದದ್ದು, ಬೇರೆ ಊರಿಗೆ ತಿರುಗಿಸಿದರೆ ಬೇಕಾದದ್ದು, ಅದರ ಮೇಲೆ ಅರ್ಧ ತಾಸು ಸುಮ್ನೆ ಸುತ್ತುವಷ್ಟು ತುಂಬಿಸಿಕೊಂಡೇ ಹೊರಡಬೇಕು ಅಂತ ನಿಯಮ ಇದೆ.

ಬ್ಯಾಸಿಗಿ ಮಧ್ಯಾಹ್ನ ವಿಮಾನ ಯಾಕ ಅಷ್ಟು ಕುಣೀತದ?

ನಮ್ಮ 42 ಡಿಗ್ರಿ ಬಿಸಿಲಿಗೆ ಕರಿ ನೆಲ ಕಾದು ಬಿಸಿ ಗಾಳಿ ಬುಗ್ಗೆ ಬುಗ್ಗೆಯಾಗಿ ಏರುತ್ತದೆ. ಅದರ ಮೇಲೆ ಹೋಗುವ ವಿಮಾನಕ್ಕೆ ಹಳ್ಳಿ ರಸ್ತೆಯ ಅನುಭವ. ಬಿಸಿ ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೂ ಎಂಜಿನ್ನಿಗೂ ಬಲ ಕಮ್ಮಿ, ನೆಲದ ಮೇಲೆ ಜಾಸ್ತಿ ಓಡಬೇಕು. ಕಲಬುರಗಿ ರನ್‌ವೇ ಉದ್ದ ಇರುವುದರಿಂದ ತೊಂದರೆ ಇಲ್ಲ, ಎಟಿಆರ್‌ಗೆ ಅದರ ಅರ್ಧದ ಆಸುಪಾಸು ಸಾಕು. ಹೊಟ್ಟೆ ತೊಳಸುವವರು ಬೆಳಗಿನ ವಿಮಾನ ನೋಡಿಕೊಳ್ಳಿ, ರೆಕ್ಕೆಯ ಹತ್ತಿರದ ಸೀಟು ಕೇಳಿ.

ಅಮೆರಿಕಾದ ವಿಮಾನ ನಕಾಶಾದಾಗ ಮ್ಯಾಲ ಮ್ಯಾಲ ಹತ್ತಿ ಧ್ರುವದ ಕಡಿ ಯಾಕ ಹೋಗ್ತದ?

ಮಕ್ಕಳ ರಬ್ಬರ್ ಚೆಂಡು ತೆಗೆದುಕೊಳ್ಳಿ. ಪೆನ್ನಿನಿಂದ ಎರಡು ಚುಕ್ಕೆ ಇಡಿ, ಎರಡೂ ಚೆಂಡಿನ ನಡುವಿಗಿಂತ ಮೇಲೆ, ಒಂದು ಈ ಕಡೆ, ಇನ್ನೊಂದು ಆ ಕಡೆ. ದಾರವನ್ನು ಎರಡೂ ಚುಕ್ಕೆಗೆ ಬಿಗಿಯಾಗಿ ಹಿಡಿದು ಎಳೆಯಿರಿ. ದಾರ ತಾನಾಗಿ ಮೇಲಕ್ಕೆ, ನೆತ್ತಿಯ ಕಡೆಗೆ ಜಾರುತ್ತದೆ. ಅದೇ ಕಮ್ಮಿ ದೂರ. ಚಪ್ಪಟೆ ನಕಾಶೆ ಅದನ್ನು ಬಾಗಿದ ಗೆರೆಯಾಗಿ ತೋರಿಸುತ್ತದೆ. ತಪ್ಪು ನಕಾಶೆಯದು, ಪೈಲಟ್‌ನದಲ್ಲ.

ಬೀದರ್‌ಗೆ ವಿಮಾನ ಬರ್ಲಿಕ್ಕ ಯಾಕ ಅಷ್ಟು ವರ್ಷ ಹಿಡೀತು? 150 ಕಿಲೋಮೀಟರ್ ನಿಯಮ ಅಂತಾರಲ್ಲ, ಏನದು?

2008ರಲ್ಲಿ ಶಂಷಾಬಾದ್ ನಿಲ್ದಾಣ ಶುರುವಾಯಿತು. ಅದನ್ನು ಕಟ್ಟಿದ ಒಪ್ಪಂದದಲ್ಲಿ ಒಂದು ಷರತ್ತಿದೆ. ಸುತ್ತ 150 ಕಿ.ಮೀ. ಒಳಗೆ 25 ವರ್ಷ ಇನ್ನೊಂದು ನಿಲ್ದಾಣ ಬರಬಾರದು. ಬಂದರೆ ಅವರ ಒಪ್ಪಿಗೆ ಬೇಕು. ಇಲ್ಲಿ 150 ಅನ್ನುವುದು ರಸ್ತೆಯ ದೂರ ಅಲ್ಲ, ಆಕಾಶದ ದೂರ. ಬೀದರ್‌ನಿಂದ ಶಂಷಾಬಾದ್‌ಗೆ ನೇರ ಗೆರೆ ಎಳೆದರೆ 125 ಕಿ.ಮೀ. ಒಳಗೆ ಬಿತ್ತು. ಟರ್ಮಿನಲ್ ಸಿದ್ಧವಿದ್ದರೂ ವರ್ಷಗಟ್ಟಲೆ ಬೀಗ ಬಿದ್ದಿತ್ತು. ಕೊನೆಗೆ 2020ರ ಫೆಬ್ರವರಿ 7ರಂದು ಬೆಂಗಳೂರಿನ ವಿಮಾನ ಶುರುವಾಯಿತು.

ಕಲಬುರಗಿ ನಿಲ್ದಾಣ ಅದೇ ಶಂಷಾಬಾದ್‌ನಿಂದ 156 ಕಿ.ಮೀ. ಸೇಡಂ ಕಡೆಗೆ ಇನ್ನೊಂದು ಏಳು ಕಿ.ಮೀ. ಸರಿದು ಕಟ್ಟಿದ್ದರೆ ನಾವೂ ಗೆರೆಯ ಒಳಗೇ ಸಿಕ್ಕಿಬೀಳುತ್ತಿದ್ದೆವು.